ಮರುದಿನ ಮುಂಜಾನೆ ಆಕೆ ಎಲ್ಲಿ ಹೋದಳು?

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದಕ್ಕಿಂತ ಸಿನಿಮಾದ ಕಥೆ ಕೇಳುವುದೇ ಹೆಚ್ಚು. ನೋಡಿ ಬಂದವರು ಒಬ್ಬರು, ಕೇಳುವವರು ಹತ್ತು ಮಂದಿ. ಧಾರವಾಡದ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟ ಮುಗಿದು, ಗಂಡಸರೆಲ್ಲ ಕಚೇರಿ ಕೋರ್ಟುಗಳಲ್ಲಿರುವ ಹೊತ್ತಿಗೆ, ಅಕ್ಕಿ ಆರಿಸುತ್ತಲೋ ಹೂಬತ್ತಿ ಹೊಸೆಯುತ್ತಲೋ ಹೆಂಗಸರು ಪಡಸಾಲೆಯಲ್ಲಿ ಕೂತರೆ, ಕಥೆ ಹೇಳುವ ಸರದಿ ಯಾವಾಗಲೂ ನನ್ನ ಅಬಚಿಯದು. ಅಬಚಿ ಎಂದರೆ ನನ್ನ ಅವ್ವನ ಅಕ್ಕ. ರಜೆಗೆ ಬೆಳಗಾವಿಯಿಂದ ಬಂದಳೆಂದರೆ ಒಂದು ಟ್ರಂಕು ಸೀರೆಯ ಜೊತೆಗೆ ಹತ್ತು ಸಿನಿಮಾ ಹೊತ್ತು ತರುತ್ತಿದ್ದಳು. ನಾಯಕನ ದನಿ, ಖಳನ ನಗೆ, ರೈಲಿನ ಶಿಳ್ಳೆ ಎಲ್ಲ ಆಕೆಯ ಬಾಯಲ್ಲೇ. ಹಾಡು ಬಂದಲ್ಲಿ ಅರ್ಧ ಹಾಡಿ, ಉಳಿದರ್ಧವನ್ನು ಕೈಯಲ್ಲಿ ತೋರಿಸುತ್ತಿದ್ದಳು.

ಆದರೆ ಒಂದೇ ಒಂದು ಸಿನಿಮಾದ ಕಥೆಯನ್ನು ಆಕೆ ಪೂರಾ ಹೇಳಿದ್ದಿಲ್ಲ. ಅದು ಮರಾಠಿಯ 'ಕುಂಕೂ'. ಮಲಮಗ ಕೆಟ್ಟ ಕಣ್ಣಿನಿಂದ ಹತ್ತಿರ ಬಂದಾಗ ಆ ಹುಡುಗಿ ಅವನನ್ನು ಬೆತ್ತದಿಂದ ಬಾರಿಸುವ ತನಕ ಕಥೆ ಬರುತ್ತಿತ್ತು. ಅಲ್ಲಿಗೆ ಅಬಚಿ ಮರವನ್ನು ಕೈಗೆತ್ತಿಕೊಂಡು ಅಕ್ಕಿ ಕೇರಲು ಶುರುಮಾಡುವಳು.

"ಮುಂದ?" ಎಂದು ನಾವು ಹುಡುಗಿಯರು ಕೇಳುತ್ತಿದ್ದೆವು.

"ಮುಂದ ಏನೂ ಇಲ್ಲ. ಏಳ್ರಿ, ಚಹಾದ ಹೊತ್ತಾತು."

ಆ ಏನೂ ಇಲ್ಲದ್ದು ಏನೆಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಅಬಚಿ ಹುಟ್ಟಿದ್ದು 1922ರಲ್ಲಿ. ಹದಿನಾಲ್ಕು ತುಂಬಿದ ವರ್ಷವೇ ಆಕೆಯನ್ನು ಬೆಳಗಾವಿಯ ಶಿರಸ್ತೇದಾರರೊಬ್ಬರಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಅವರಿಗೆ ಆಗ ನಲವತ್ತೊಂದು. ಮೊದಲ ಹೆಂಡತಿಯ ಇಬ್ಬರು ಮಕ್ಕಳು; ದೊಡ್ಡವಳು ಅಬಚಿಗಿಂತ ಮೂರೇ ವರ್ಷಕ್ಕೆ ಚಿಕ್ಕವಳು. ಶಾರದಾ ಕಾನೂನು ಹುಡುಗಿಗೆ ಹದಿನಾಲ್ಕಾಗಿರಬೇಕೆಂದು ಹೇಳಿತ್ತೇ ಹೊರತು ಗಂಡಿಗೆ ಎಷ್ಟು ಮೀರಬಾರದು ಎಂದು ಹೇಳಿರಲಿಲ್ಲವಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಕಾಕಾ ಕೆಟ್ಟವರಲ್ಲ, ಬಡಿದವರಲ್ಲ, ಬೈದವರಲ್ಲ. ಹೀಗೆಂದು ಅಬಚಿಯೇ ಹೇಳುತ್ತಿದ್ದಳು. ಹೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದಳು.

'ಕುಂಕೂ' ಬಂದದ್ದು 1937ರಲ್ಲಿ, ಪುಣೆಯ ಪ್ರಭಾತ್ ಕಂಪನಿಯಿಂದ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಮರಾಠಿ ಹಿಂದಿ ಸಿನಿಮಾಗಳೇ ಅಲ್ಲಿ ನಡೆಯುತ್ತಿದ್ದವು. ಹಿಂದಿನ ವರ್ಷವಷ್ಟೇ ಅದೇ ಪ್ರಭಾತ್‌ನವರು 'ಸಂತ ತುಕಾರಾಮ್' ಕೊಟ್ಟಿದ್ದರು. ಪ್ರಭಾತ್ ಎಂದರೆ ದೇವರ ಸಿನಿಮಾ, ಸಂತರ ಸಿನಿಮಾ. ಮೇಲೆ ಹೆಸರು ಬೇರೆ ಕುಂಕುಮ! ಇದಕ್ಕಿಂತ ಮಂಗಳಕರವಾದದ್ದು ಇನ್ನೇನು ಬೇಕು? ಕಾಕಾ ಮನೆಮಂದಿಯನ್ನೆಲ್ಲ ಟಾಂಗಾದಲ್ಲಿ ಹೇರಿಕೊಂಡು ಹೋದರು. ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ತೆರೆಯ ಮೇಲೆ ಒಬ್ಬ ಹುಡುಗಿಗೆ ಮೋಸಮಾಡಿ ಮುದಿ ವಿಧುರನಿಗೆ ಕಟ್ಟುತ್ತಾರೆ, ಅವಳು ಆ ಮದುವೆಯನ್ನು ಒಪ್ಪುವುದಿಲ್ಲ, ಅವನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕತ್ತಲಲ್ಲಿ ತನ್ನ ಪಕ್ಕದಲ್ಲಿ ಕೂತಿದ್ದ ಮಲಮಗಳು ಮೆಲ್ಲಗೆ ತನ್ನ ಕೈ ಹಿಡಿದುಕೊಂಡಳಂತೆ. ವಾಪಸು ಬರುವಾಗ ಟಾಂಗಾದಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ರುಮಾಲು ಗೂಟಕ್ಕೆ ಸಿಕ್ಕಿಸಿ ಕಾಕಾ ಅಂದದ್ದು ಒಂದೇ ಮಾತು: "ಸಿನಿಮಾ ಛೊಲೋ ಇರಲಿಲ್ಲ."

1988ರ ಬೇಸಿಗೆಯಲ್ಲಿ ಇದನ್ನೆಲ್ಲ ಅಬಚಿ ನನಗೆ ಹೇಳಿದಳು. ನಾನು ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಹಳೆಯ ಸಿನಿಮಾಗಳ ಹುಚ್ಚು ಹತ್ತಿತ್ತು. ಸ್ನೇಹಿತೆಯೊಬ್ಬಳು ಮುಂಬಯಿಯಿಂದ 'ದುನಿಯಾ ನ ಮಾನೇ'ಯ ವಿಡಿಯೊ ಕ್ಯಾಸೆಟ್ ತಂದುಕೊಟ್ಟಿದ್ದಳು. ಅದು 'ಕುಂಕೂ'ವಿನ ಹಿಂದಿ ರೂಪ. ಪ್ರಭಾತ್‌ನವರು ಒಂದೇ ಚಿತ್ರವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ತೆಗೆಯುತ್ತಿದ್ದರು. ಹಿಂದಿಯದು ಲಾಹೋರಿನವರೆಗೆ ಹೋಗಬೇಕಿತ್ತಲ್ಲ. ಅಬಚಿಗೆ ನಾನು ಏನೂ ಹೇಳದೆ ಕ್ಯಾಸೆಟ್ ಹಾಕಿದೆ. ಐದು ನಿಮಿಷ ಆಗಿತ್ತೋ ಇಲ್ಲವೋ, "ಇದು ಕುಂಕೂ ಅಲ್ಲೇನ?" ಎಂದಳು. ಆಮೇಲೆ ಕಡೆಯ ತನಕ ಬಾಯಿ ಬಿಡಲಿಲ್ಲ.

ಮೊದಲು ಆ ಚಿತ್ರದ ಬಗೆಗೆ ಹೇಳಿಬಿಡುತ್ತೇನೆ. ಈಗ ಅದು ಫೋನಿನಲ್ಲೂ ಸಿಗುತ್ತದೆ, ನೀವೂ ನೋಡಬಹುದು. ನಾರಾಯಣ ಹರಿ ಆಪ್ಟೆಯವರ ಮರಾಠಿ ಕಾದಂಬರಿಯಿಂದ ತೆಗೆದ ಕಥೆ, ನಿರ್ದೇಶನ ವಿ. ಶಾಂತಾರಾಮ್. ನಮ್ಮ ಕಡೆಯವರಿಗೆ ಶಾಂತಾರಾಮ್ ತೀರ ಹೊರಗಿನವರೇನೂ ಅಲ್ಲ. ಕೊಲ್ಹಾಪುರದ ಈ ಹುಡುಗ ಸಿನಿಮಾ ಸೇರುವ ಮುಂಚೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಸಂಜೆ ಅಲ್ಲಿಯ ತಗಡಿನ ಥೇಟರಿನ ಬಾಗಿಲು ಕಾದವರು. ಆಮೇಲೆ ಬಾಬುರಾವ್ ಪೇಂಟರರ ಕೈಕೆಳಗೆ ಕಲಿತು, 1929ರಲ್ಲಿ ದಾಮ್ಲೆ, ಫತ್ತೇಲಾಲ್ ಮೊದಲಾದ ಗೆಳೆಯರೊಂದಿಗೆ ಕೊಲ್ಹಾಪುರದಲ್ಲಿ ಪ್ರಭಾತ್ ಕಟ್ಟಿದರು. 1933ರಲ್ಲಿ ಅದು ಪುಣೆಗೆ ಬಂತು. ಇವತ್ತು ಆ ಜಾಗದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ.

'ದುನಿಯಾ ನ ಮಾನೇ'ಯಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಮನೆಯೊಳಗೆ ಕೇಳಿಸಬಹುದಾದ ಸದ್ದುಗಳಷ್ಟೇ. ನಾನು ಮೊದಲ ಸಲ ನೋಡಿದಾಗ ಕಿವಿ ಏನೋ ಕಳೆದುಕೊಂಡಂತಾಗಿತ್ತು. ನಮ್ಮ ಸಿನಿಮಾಗಳಲ್ಲಿ ಹೆಣ್ಣು ಅತ್ತಳೆಂದರೆ ಪಿಟೀಲೂ ಅವಳ ಜೊತೆ ಅಳುತ್ತದೆ, ನಾವೂ ಅತ್ತು ಹಗುರಾಗಿ ಎದ್ದುಬರುತ್ತೇವೆ. ಇಲ್ಲಿ ಹಾಗಿಲ್ಲ. ಪಿಟೀಲಿಲ್ಲದ ಮನೆಯಲ್ಲಿ ಗಡಿಯಾರದ ಸದ್ದು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಆ ಮುದಿ ಗಡಿಯಾರ ಮುದಿ ಗಂಡ ಕಾಕಾಸಾಹೇಬನ ಗುರುತು. ಆ ಪಾತ್ರದ ಕೇಶವರಾವ್ ದಾತೆ ಎಷ್ಟು ಸಹಜವಾಗಿದ್ದಾರೆಂದರೆ ಅವನ ಮೇಲೆ ಸಿಟ್ಟು ಬರುವ ಬದಲು ಎಷ್ಟೋ ಸಲ ಮರುಕವೇ ಬರುತ್ತದೆ. ನಿರ್ಮಲೆಯಾಗಿ ಶಾಂತಾ ಆಪ್ಟೆ. ಈಕೆಯ ಮುಖದಲ್ಲಿ ದೈನ್ಯ ಎಂಬುದು ಇಲ್ಲವೇ ಇಲ್ಲ. ಮೂಗು ಸೊಟ್ಟ ಮಾಡಿ ನಗುತ್ತಾಳೆ, ಹಟ ಮಾಡುತ್ತಾಳೆ, ಲಾಂಗ್‌ಫೆಲೋನ ಇಂಗ್ಲಿಷ್ ಪದ್ಯವನ್ನು ಇಂಗ್ಲಿಷಿನಲ್ಲೇ ಹಾಡುತ್ತಾಳೆ. 1937ರಲ್ಲಿ! ಅವಳದು ಗಂಡನನ್ನು ಬಿಟ್ಟು ಓಡುವ ಹಟವಲ್ಲ. ಅವನ ಮನೆಯಲ್ಲೇ ಇದ್ದು, ಅವನ ಕಣ್ಣೆದುರೇ 'ಇದು ಮದುವೆಯಲ್ಲ' ಎನ್ನುವ ಹಟ. ಇದು ಓಡಿಹೋಗುವುದಕ್ಕಿಂತ ಕಷ್ಟದ್ದು. ಮಾಡಿ ನೋಡಿದವರಿಗೆ ಗೊತ್ತು.

ಕಡೆಗೆ ಆಗುವುದೇನು? ಕಾಕಾಸಾಹೇಬನಿಗೆ ತಾನು ಮಾಡಿದ ಅನ್ಯಾಯ ತಿಳಿಯುತ್ತದೆ. ಅವಳು ಬೇರೆ ಮದುವೆಯಾಗಲಿ ಎಂದು ಪತ್ರ ಬರೆದಿಟ್ಟು ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಚಿತ್ರ ಮುಗಿಯುತ್ತದೆ.

ಕ್ಯಾಸೆಟ್ ನಿಂತ ಮೇಲೆ ಅಬಚಿ ಕೇಳಿದಳು: "ಆಮ್ಯಾಲೆ ಅಕಿ ಎಲ್ಲಿ ಹೋದ್ಲು?"

ನಾನು ಮೇಷ್ಟ್ರಗಿರಿಗೆ ಬಿದ್ದೆ. ಆ ಸಾವು ಸಂಕೇತ ಅಬಚಿ, ಹಳೆಯ ಕಾಲವೇ ಸತ್ತಿತೆಂದು ಅರ್ಥ, ಗಡಿಯಾರ ನೋಡಿದೆಯಲ್ಲ, ಎಂದೆಲ್ಲ ವಿವರಿಸಿದೆ. ಆಕೆ ಸಾವಧಾನವಾಗಿ ಕೇಳಿಸಿಕೊಂಡಳು.

"ಗಡಿಯಾರದ ಮಾತು ಇರ್ಲಿ. ಮರುದಿನಾ ಮುಂಜಾನೆ ಅಕಿ ಎಲ್ಲಿ ಹೋದ್ಲು ಅಂತ ಕೇಳಿದೆ. ಬೇಡ ಅಂದ್ಲು, ಖರೆ. ಆ ಮುದುಕ ಸತ್ತ, ಖರೆ. ಅಕಿಗೆ ಉಣ್ಣಾಕ ಹಾಕೋರು ಯಾರು? ಆ ಕಾಗದ ತೊಗೊಂಡು ಯಾರ ಮನಿ ಬಾಗಿಲಿಗೆ ಹೋಗ್ಬೇಕಕಿ?"

ಇಷ್ಟೂ ವರ್ಷ ಆಕೆ ಕಥೆಯನ್ನು ಬೆತ್ತದ ಏಟಿಗೇ ನಿಲ್ಲಿಸುತ್ತಿದ್ದುದು ಇದಕ್ಕಾಗಿ. ಹದಿನೈದರ ಹುಡುಗಿ ಹೆಂಗಸರ ಸಾಲಿನಲ್ಲಿ ಕೂತು, ಮುಂದಿನ ದಾರಿ ಈಗ ತೋರಿಸುತ್ತಾರೆ, ಈಗ ತೋರಿಸುತ್ತಾರೆ ಎಂದು ಕಾದಿದ್ದಾಳೆ. ಅವರು ತೋರಿಸಿದ್ದು ಗಂಡನ ಹೆಣ. ಆಕೆಗೆ ಕಾಕಾ ಸಾಯುವುದು ಬೇಕಿರಲಿಲ್ಲ.

ಅಬಚಿಯ ಈ ಪ್ರಶ್ನೆ ಹಿಡಿದುಕೊಂಡು ಆ ಕಾಲದ ಹಿಂದಿ ಚಿತ್ರಗಳನ್ನು ನೋಡತೊಡಗಿದಾಗ ನನಗೆ ಒಂದು ಮಾತು ಹೊಳೆಯಿತು. ಅದನ್ನು ಹೇಳಲೆಂದೇ ಈ ಬರಹ. ಮಾತಿನ ಸಿನಿಮಾ ಹುಟ್ಟಿದ ಹತ್ತು ವರ್ಷದೊಳಗೆ (ಅರ್ದೇಶಿರ್ ಇರಾನಿಯವರ 'ಆಲಂ ಆರಾ' ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆ ಕಂಡದ್ದು 1931ರ ಮಾರ್ಚ್ 14) ನಮ್ಮ ದೊಡ್ಡ ನಿರ್ದೇಶಕರು, ನಿರ್ಮಾಪಕರು ಹೆಣ್ಣಿನ ಬಾಯಿಗೆ 'ಇಲ್ಲ' ಎಂಬ ಮಾತು ಕೊಟ್ಟರು. ಇದು ಸಣ್ಣ ಕೆಲಸವಲ್ಲ. ಆದರೆ ಹಾಗೆಂದ ಹೆಣ್ಣನ್ನು ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ. ತೋಚದಾಗ ಯಾರನ್ನಾದರೂ ಒಬ್ಬರನ್ನು ಸಾಯಿಸಿದರು.

1936ರ 'ಅಛೂತ್ ಕನ್ಯಾ' ನೋಡಿ. ಬಾಂಬೆ ಟಾಕೀಸ್‌ನ ಹಿಮಾಂಶು ರಾಯ್ ನಿರ್ಮಾಪಕರು, ಜರ್ಮನಿಯ ಫ್ರಾಂಜ್ ಆಸ್ಟೆನ್ ನಿರ್ದೇಶಕರು, ಕಥೆ ನಿರಂಜನ ಪಾಲರದು. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ. ದೇವಿಕಾ ರಾಣಿ, ಅಶೋಕ್ ಕುಮಾರ್. ಇಬ್ಬರೂ ಬೇರೆ ಬೇರೆ ಮದುವೆಯಾಗಬೇಕಾಗುತ್ತದೆ. ಕೊನೆಗೆ ಹಳಿಗಳ ಮೇಲೆ ಹೊಡೆದಾಡುತ್ತಿರುವ ಇಬ್ಬರು ಗಂಡಸರನ್ನು ಉಳಿಸಲು ಓಡಿಬರುವ ರೈಲಿಗೆ ಅಡ್ಡವಾಗಿ ಕಸ್ತೂರಿ ಸಾಯುತ್ತಾಳೆ. ಚಿತ್ರ ಶುರುವಾಗುವುದೇ ಅವಳ ಗುಡಿಯಂಥ ಸ್ಮಾರಕದಿಂದ. ಬದುಕಿದ್ದಾಗ ಅವಳಿಗೆ ಜಾಗ ಕೊಡದ ಊರು ಸತ್ತ ಮೇಲೆ ಕಲ್ಲು ನಿಲ್ಲಿಸಿತು. ನಿರ್ಮಾಪಕರು ಇದನ್ನು ವ್ಯಂಗ್ಯವಾಗಿ ಹೇಳಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಅವರು ಹೇಳಿದ್ದು ಭಕ್ತಿಯಿಂದ. ಒಂದು ಮಾತು ಮಾತ್ರ ಒಪ್ಪಬೇಕು: ಆ ಚಿತ್ರದ ಹಾಡುಗಳಿಗೆ ರಾಗ ಕೂಡಿಸಿದ್ದು ಒಬ್ಬ ಹೆಣ್ಣುಮಗಳು, ಸರಸ್ವತಿ ದೇವಿ. ನಿಜದ ಹೆಸರು ಖುರ್ಷೀದ್. ಪಾರ್ಸಿ ಹುಡುಗಿ ಸಿನಿಮಾದಲ್ಲಿ ದುಡಿಯುವುದಕ್ಕೆ ಅವರ ಸಮಾಜದ ವಿರೋಧ ಬಂದದ್ದರಿಂದ ಹೆಸರು ಬದಲಿಸಿಕೊಂಡರು.

ಮೆಹಬೂಬ್ ಖಾನರ 'ಔರತ್' 1940ರಲ್ಲಿ ಬಂತು. ನಾವೆಲ್ಲ ನೋಡಿರುವ 'ಮದರ್ ಇಂಡಿಯಾ' ಅದರದೇ ಎರಡನೇ ರೂಪ. ಅಲ್ಲಿ ತಾಯಿಯ ಕೈಯಿಂದಲೇ ಮಗ ಸಾಯಬೇಕು. ಶಾಂತಾರಾಮರದೇ 1939ರ 'ಆದ್ಮಿ'ಯಲ್ಲಿ ಪೊಲೀಸ್ ಪೇದೆಯೊಬ್ಬ ವೇಶ್ಯೆ ಕೇಸರಳನ್ನು ಪ್ರೀತಿಸುತ್ತಾನೆ, ಮನೆಗೆ ಕರೆತರಲು ನೋಡುತ್ತಾನೆ. ಅವಳು ತನ್ನನ್ನು ಹಿಂಡುತ್ತಿದ್ದ ಮಾವನನ್ನು ಕೊಂದು ಜೈಲಿಗೆ ಹೋಗುತ್ತಾಳೆ. ಕೇಸರಳಾಗಿದ್ದು ನಮ್ಮವರೇ, ಶಾಂತಾ ಹುಬ್ಳೀಕರ್. ಹೆಸರಿನಲ್ಲೇ ಊರಿದೆ. ಮುಂದೆ 1942ರಲ್ಲಿ ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲೂ ಅವರು ಕನ್ನಡದವರಿಗೆ ಕಾಣಿಸಿಕೊಂಡರು. 'ಆದ್ಮಿ'ಯಲ್ಲಿ ಅವರು ನಗುವ ರೀತಿ ನೋಡಿದರೆ ಈಕೆ ಜೈಲಿಗೆ ಹೋಗುವ ಹೆಣ್ಣಲ್ಲ, ಒಂದು ಖಾನಾವಳಿ ತೆಗೆದು ಹತ್ತು ಮಂದಿಗೆ ಅನ್ನ ಹಾಕಬಲ್ಲ ಹೆಣ್ಣು ಎಂದೇ ನನಗೆ ಅನ್ನಿಸುತ್ತದೆ. ಆದರೆ ಖಾನಾವಳಿಯಲ್ಲಿ ದುರಂತ ಇಲ್ಲವಲ್ಲ!

ಹೆಣ್ಣು ಸಾಯದೆ, ಯಾರಿಗೂ ಕಣ್ಣೀರು ತರಿಸದೆ, ಚಿತ್ರ ಮುಗಿದ ಮೇಲೂ ಗಟ್ಟಿಮುಟ್ಟಾಗಿ ನಿಂತದ್ದು ಎಲ್ಲಿ ಎಂದು ಹುಡುಕಿದರೆ, ವಿಮರ್ಶಕರು ಮೂಗು ಮುರಿಯುತ್ತಿದ್ದ ಜಾಗಕ್ಕೇ ಹೋಗಬೇಕು. ವಾಡಿಯಾ ಸೋದರರ ಸಾಹಸದ ಚಿತ್ರಗಳಿಗೆ. 1935ರ 'ಹಂಟರ್‌ವಾಲಿ'ಯನ್ನು ಹೋಮಿ ವಾಡಿಯಾ ನಿರ್ದೇಶಿಸಿದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನಾದಿಯಾ ಕೈಯಲ್ಲಿ ಚಾವಟಿ ಹಿಡಿದು, ಮುಖಕ್ಕೆ ಮುಸುಕು ಹಾಕಿ, ಕುದುರೆ ಏರಿ ಬಂದರು. ಅವರ ಹಿಂದಿ ಒರಟು. ಕಥೆ ಅಡಗೂಲಜ್ಜಿ ಕಥೆ. ಕಲೆಯ ದೃಷ್ಟಿಯಿಂದ 'ದುನಿಯಾ ನ ಮಾನೇ'ಯ ಪಕ್ಕದಲ್ಲಿ ಇಡುವ ಚಿತ್ರವಲ್ಲ, ನಾನು ಇಡುವುದೂ ಇಲ್ಲ. ಆದರೂ ನನ್ನ ಅಬಚಿ ನಾದಿಯಾಳ ಕಥೆಗಳನ್ನು ಮಾತ್ರ ಕೊನೆತನಕ ಹೇಳುತ್ತಿದ್ದಳು, ಮರದಿಂದ ಚಾವಟಿ ಬೀಸಿ ತೋರಿಸುತ್ತಿದ್ದಳು, ಅಕ್ಕಿ ಚೆಲ್ಲಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದಳು. ಗಂಭೀರ ಕಲಾವಿದರು ಹೆಣ್ಣಿಗೆ ಕೊಡಲಾರದ ನಾಳೆಯನ್ನು ಸರ್ಕಸ್ಸಿನಂಥ ಚಿತ್ರ ಮಾಡಿದವರು ನಗುನಗುತ್ತ ಕೊಟ್ಟುಬಿಟ್ಟರು.

ಹಾಗಾದರೆ ಶಾಂತಾರಾಮರಿಗೆ, ಹಿಮಾಂಶು ರಾಯರಿಗೆ ಬೇರೆ ದಾರಿ ಕಾಣುವುದು ಸಾಧ್ಯವೇ ಇರಲಿಲ್ಲವೇ? 1937ರ ಸಮಾಜ ಹಾಗಿತ್ತು, ಅವರೇನು ಮಾಡಿಯಾರು ಎಂದು ಹೇಳುವವರಿದ್ದಾರೆ. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಆದರೆ ಆ ಚಿತ್ರಗಳ ಹೆಸರಿನ ಪಟ್ಟಿಯನ್ನು ನಿಧಾನವಾಗಿ ಓದಿದರೆ ಆ ನೆಪ ನಿಲ್ಲುವುದಿಲ್ಲ.

'ದುನಿಯಾ ನ ಮಾನೇ'ಯಲ್ಲಿ ಕಾಕಾಸಾಹೇಬನಿಗೆ ಸುಶೀಲಾ ಎಂಬ ಮಗಳಿದ್ದಾಳೆ. ಸಮಾಜಸೇವೆಯಲ್ಲಿರುವವಳು. ಅಪ್ಪನ ತಪ್ಪನ್ನು ಅಪ್ಪನೆದುರೇ ಹೇಳುವವಳು, ವಯಸ್ಸಿನಲ್ಲಿ ತನಗಿಂತ ಚಿಕ್ಕವಳಾದ ಮಲತಾಯಿಯ ಪಕ್ಷ ವಹಿಸುವವಳು. ಆ ಪಾತ್ರ ಮಾಡಿದ್ದು ಯಾರು ಗೊತ್ತೇ? ಶಕುಂತಲಾ ಪರಾಂಜಪೆ. ರ್ಯಾಂಗ್ಲರ್ ಪರಾಂಜಪೆಯವರ ಮಗಳು, ಕೇಂಬ್ರಿಜ್‌ನಲ್ಲಿ ಓದಿ, ಜಿನೀವಾದಲ್ಲಿ ಕೆಲಸ ಮಾಡಿ ಬಂದಾಕೆ. ಸಂತಾನ ನಿಯಂತ್ರಣದ ಹೆಸರು ಹೇಳಲೂ ಜನ ಅಂಜುತ್ತಿದ್ದ ಕಾಲದಲ್ಲಿ ಅದಕ್ಕಾಗಿ ಹಳ್ಳಿ ಸುತ್ತಿದವರು. ರಷ್ಯದ ಚಿತ್ರಕಾರರೊಬ್ಬರನ್ನು ಮದುವೆಯಾಗಿ, ಬೇರೆಯಾಗಿ, ಮಗಳನ್ನು ಒಬ್ಬರೇ ಬೆಳೆಸಿದರು. ಆ ಮಗಳೇ ಮುಂದೆ 'ಸ್ಪರ್ಶ್', 'ಚಶ್ಮೇ ಬದ್ದೂರ್', 'ಕಥಾ' ತೆಗೆದ ಸಾಯಿ ಪರಾಂಜಪೆ. 1964ರಲ್ಲಿ ಶಕುಂತಲಾ ರಾಜ್ಯಸಭೆಗೂ ನಾಮಕರಣಗೊಂಡರು. ಎಂದರೆ ಅಬಚಿಯ ಪ್ರಶ್ನೆಗೆ ಉತ್ತರ ಚಿತ್ರದ ಒಳಗೇ, ಸೀರೆ ಉಟ್ಟುಕೊಂಡು, ನಿರ್ಮಲೆಯ ಪಕ್ಕದಲ್ಲೇ ನಿಂತಿತ್ತು! ಕಲಿತ ವಿದ್ಯೆ, ಕೈಯಲ್ಲಿ ಕೆಲಸ, ಜೊತೆಗೊಬ್ಬ ಗೆಳತಿ. ಸುಶೀಲೆ ನಿರ್ಮಲೆಯ ಕೈ ಹಿಡಿದು 'ಬಾ, ನನ್ನ ಜೊತೆ ಕೆಲಸಕ್ಕೆ ಬಾ' ಎಂದಿದ್ದರೆ ಸಾಕಿತ್ತು. ಶಾಂತಾರಾಮರು ಅಂಥ ಹೆಣ್ಣುಮಗಳನ್ನು ಹುಡುಕಿ ತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಆಮೇಲೆ ಕ್ಯಾಮೆರಾವನ್ನು ಮುದುಕನ ಪಶ್ಚಾತ್ತಾಪದ ಕಡೆಗೇ ತಿರುಗಿಸಿಕೊಂಡರು. ಹೆಣ್ಣಿನ ಕಥೆಯಾಗಿ ಹೊರಟದ್ದು ಗಂಡಿನ ತ್ಯಾಗದ ಕಥೆಯಾಗಿ ಮುಗಿಯಿತು. ಚಿತ್ರದ ನಿಜವಾದ ದೋಷ ಇದು.

ಹೇಳಬೇಕೋ ಬೇಡವೋ, ಇದೇ ಶಾಂತಾರಾಮರು 1941ರಲ್ಲಿ ಮೊದಲ ಹೆಂಡತಿ ಮನೆಯಲ್ಲಿರುವಾಗಲೇ ನಟಿ ಜಯಶ್ರೀಯವರನ್ನು ಮದುವೆಯಾದರು. ಕಲೆಯನ್ನು ಅಳೆಯುವಾಗ ಮನೆಯ ಮಾತು ತರಬಾರದು ಎನ್ನುತ್ತಾರೆ. ತರುವುದಿಲ್ಲ. ಒಂದು ವಾಕ್ಯ ಬರೆದು ಬಿಡುತ್ತಿದ್ದೇನೆ.

ಇನ್ನು ಶಾಂತಾ ಆಪ್ಟೆ. 'ಬೇಡ' ಎಂದು ತೆರೆಯ ಮೇಲೆ ಹೇಳಿದ ಎರಡು ವರ್ಷಕ್ಕೆ, 1939ರಲ್ಲಿ, ಕರಾರಿನ ತಕರಾರಿನಿಂದ ಆಕೆ ಪ್ರಭಾತ್ ಸ್ಟುಡಿಯೊದ ಬಾಗಿಲಲ್ಲೇ ಉಪವಾಸ ಕೂತರು. ನೆನೆಸಿಕೊಳ್ಳಿ: ಒಳಗೆ ಅವರ ಹೆಸರಿನಿಂದ ದುಡ್ಡು ಮಾಡಿದ ಕಂಪನಿ, ಹೊರಗೆ ಅದರ ನಾಯಕಿ. ಆಮೇಲೆ ಪ್ರಭಾತ್ ಬಿಟ್ಟು, 1940ರಲ್ಲಿ ಮರಾಠಿಯಲ್ಲಿ 'ಜಾಊ ಮೀ ಸಿನೇಮಾತ್?' ಎಂಬ ಪುಸ್ತಕ ಬರೆದರು. 'ಸಿನಿಮಾಕ್ಕೆ ಸೇರಲೇ?' ಎಂದು ಕೇಳುವ ಹುಡುಗಿಯರಿಗೆ ಉತ್ತರವಾಗಿ ಬರೆದದ್ದು. ನಟನೆ ಎಂದರೆ ಕೂಲಿ, ನಟಿ ಎಂದರೆ ದುಡಿಯುವವಳು, ಅವಳ ಮೈ ದಣಿಯುತ್ತದೆ ಎಂದು ನಮ್ಮ ಸಿನಿಮಾ ಲೋಕದ ಒಳಗಿನಿಂದ ಒಬ್ಬ ಹೆಣ್ಣುಮಗಳು ಬರೆದಳು. ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಉಪವಾಸದ ಪ್ರಸಂಗ ಬಂದರೆ 'ಸಿಟ್ಟಿನ ನಟಿ' ಎಂಬ ತಮಾಷೆಯಾಗಿ ಬರುತ್ತದೆ. ಗಂಡಸು ಗಿರಣಿಯ ಬಾಗಿಲಲ್ಲಿ ಕೂತರೆ ಮುಷ್ಕರ, ಹೆಂಗಸು ಸ್ಟುಡಿಯೊದ ಬಾಗಿಲಲ್ಲಿ ಕೂತರೆ ಹಟಮಾರಿತನ!

ದೇವಿಕಾ ರಾಣಿಯವರ ಮಾತು ಇನ್ನೂ ವಿಚಿತ್ರ. ರೈಲಿಗೆ ಸಿಕ್ಕು ಸತ್ತ ಕಸ್ತೂರಿಯ ಪಾತ್ರ ಮಾಡಿದ ಇವರಿಗೆ 1940ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ವೈಧವ್ಯ ಬಂತು. ಹಿಮಾಂಶು ರಾಯ್ ತೀರಿಕೊಂಡರು. ಮಲಾಡ್‌ನಲ್ಲಿ ಅಷ್ಟು ದೊಡ್ಡ ಸ್ಟುಡಿಯೊ, ಸಂಬಳದ ಜನ, ನಡುವೆ ಯುದ್ಧಕಾಲ. ಅದನ್ನು ಆಕೆ ಕೈಗೆತ್ತಿಕೊಂಡರು. ಕಂಪನಿ ಎರಡು ಪಂಗಡವಾಯಿತು. ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು 1943ರಲ್ಲಿ ಹೊರಹೋಗಿ ಫಿಲ್ಮಿಸ್ತಾನ್ ಕಟ್ಟಿದರು. ದೇವಿಕಾ ರಾಣಿ ಪೇಶಾವರದ ಹಣ್ಣಿನ ವ್ಯಾಪಾರಿಯ ಮಗನೊಬ್ಬನನ್ನು ಕೆಲಸಕ್ಕೆ ತೆಗೆದುಕೊಂಡು, 1944ರ 'ಜ್ವಾರ್ ಭಾಟಾ'ದಲ್ಲಿ ನಾಯಕನನ್ನಾಗಿ ಮಾಡಿದರು. ಅವರೇ ದಿಲೀಪ್ ಕುಮಾರ್. ಈಕೆಯ ಬಗೆಗೆ ಬರೆಯುವವರೆಲ್ಲ ಯೌವನದ ಒಂದು ಪ್ರೇಮಪ್ರಕರಣವನ್ನು ತಪ್ಪದೆ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಗಂಡ ಸತ್ತ ಮೇಲೆ ತಿಂಗಳ ಪಗಾರದ ಲೆಕ್ಕ ನೋಡಲು ಆ ಕುರ್ಚಿಯಲ್ಲಿ ಮೊದಲ ದಿನ ಕೂತಾಗ ಆಕೆಗೆ ಹೇಗೆ ಅನ್ನಿಸಿತು ಎಂಬುದು ನನ್ನ ಕುತೂಹಲ. ಆದರೆ ಅವರ ಮೇಲೂ ನನ್ನದೊಂದು ದೂರಿದೆ. ಕಥೆ ಆರಿಸುವ ಅಧಿಕಾರ ಕೈಯಲ್ಲಿದ್ದಾಗಲೂ ತನ್ನ ಈ ಬದುಕಿನಂಥದ್ದೊಂದನ್ನು ಅವರು ತನಗಾಗಿ ಬರೆಸಿಕೊಳ್ಳಲಿಲ್ಲ. 1943ರ 'ಹಮಾರೀ ಬಾತ್' ಅವರ ಕೊನೆಯ ಪಾತ್ರ. 1945ರಲ್ಲಿ ಸಿನಿಮಾ ಬಿಟ್ಟು ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರನ್ನು ಮದುವೆಯಾದರು. ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿ, 1994ರ ಮಾರ್ಚಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅಷ್ಟು ವರ್ಷ ನಮ್ಮ ನಾಡಿನಲ್ಲೇ ಇದ್ದರು, ಹೋಗಿ ಆ ಕುರ್ಚಿಯ ಮಾತು ಕೇಳಬಹುದಿತ್ತು. ನನಗೆ ಆ ಬುದ್ಧಿ ಬಂದಾಗ ಪತ್ರಿಕೆಯಲ್ಲಿ ಅವರ ಸಾವಿನ ಸುದ್ದಿ ಓದುತ್ತಿದ್ದೆ.

ಇವರಿಗೂ ಮುಂಚೆ, ಸಿನಿಮಾಕ್ಕೆ ಇನ್ನೂ ಮಾತು ಬರುವ ಮೊದಲೇ, 1926ರಲ್ಲಿ ಫಾತ್ಮಾ ಬೇಗಂ ತನ್ನದೇ ಕಂಪನಿ ಕಟ್ಟಿ 'ಬುಲ್‌ಬುಲ್-ಎ-ಪರಿಸ್ತಾನ್' ನಿರ್ದೇಶಿಸಿದರು. ನಮ್ಮ ದೇಶದ ಮೊದಲ ಮಹಿಳಾ ನಿರ್ದೇಶಕಿ. 'ಆಲಂ ಆರಾ'ದ ನಾಯಕಿ ಜುಬೇದಾ ಇವರ ಮಗಳು. ಆ ಪರಿಗಳ ಲೋಕದ ಚಿತ್ರ ಇಂದು ಉಳಿದಿಲ್ಲ. 'ಆಲಂ ಆರಾ'ವೂ ಉಳಿದಿಲ್ಲ. ಆಮೇಲೆ ಜದ್ದನ್‌ಬಾಯಿ ಬಂದರು, ನರ್ಗಿಸ್ ಅವರ ತಾಯಿ. ಹಾಡುವುದು, ನಟಿಸುವುದು, ಸಂಗೀತ ಕೂಡಿಸುವುದು, ನಿರ್ಮಿಸುವುದು, ನಿರ್ದೇಶಿಸುವುದು ಎಲ್ಲವನ್ನೂ ಮಾಡಿದರು. ಕೋಠಿಯಿಂದ ಬಂದವರೆಂಬ ಒಂದೇ ಮಾತಿಗೆ ಸಭ್ಯ ಸಮಾಜ ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯಲಿಲ್ಲ. 'ಬೇಡ' ಎಂದ ಹೆಣ್ಣು ಮರುದಿನ ಏನು ಮಾಡುತ್ತಾಳೆ ಎಂದು ತೋಚದೆ ಆ ದೊಡ್ಡ ನಿರ್ದೇಶಕರು ತಲೆ ಕೆರೆದುಕೊಳ್ಳುತ್ತಿದ್ದಾಗ, ಪಕ್ಕದ ಕೋಣೆಯಲ್ಲೇ ಇಂಥ ಹೆಂಗಸರು ರಾಗ ಕೂಡಿಸುತ್ತ, ಲೆಕ್ಕ ಬರೆಯುತ್ತ, ಸಂಬಳಕ್ಕಾಗಿ ಜಗಳಾಡುತ್ತ, ಮಕ್ಕಳನ್ನು ಸಾಕುತ್ತ ಕೂತಿದ್ದರು.

ಹೀಗೆಂದು ಶಾಂತಾರಾಮರ ಚಿತ್ರವನ್ನು ನಾನು ಸಣ್ಣದು ಮಾಡುತ್ತಿಲ್ಲ. ಮೊನ್ನೆ ಇನ್ನೊಮ್ಮೆ ನೋಡಿದೆ. ಮೊದಲ ಮುಕ್ಕಾಲು ಭಾಗಕ್ಕೆ ಸಾಟಿಯಾದದ್ದು ಆ ಕಾಲದಲ್ಲಿ ನನಗಂತೂ ಕಂಡಿಲ್ಲ. ಮೊದಲ ರಾತ್ರಿ ಬಾಗಿಲ ಆ ಕಡೆ ಈ ಕಡೆ ನಿಂತ ಗಂಡ ಹೆಂಡಿರ ನಡುವಿನ ಮೌನವನ್ನು, ಹಿನ್ನೆಲೆಯಲ್ಲಿ ಒಂದು ತಂತಿಯೂ ಮೀಟದೆ, ಅಷ್ಟು ಹೊತ್ತು ಹಿಡಿದು ತೋರಿಸುವ ಧೈರ್ಯ ಈಗಲೂ ಎಷ್ಟು ಮಂದಿಗಿದೆ? ಬೆಳಗಾವಿಯ ಕತ್ತಲಲ್ಲಿ ಒಬ್ಬ ಮಲಮಗಳು ತನ್ನ ಮಲತಾಯಿಯ ಕೈ ಹಿಡಿದದ್ದು ಈ ಚಿತ್ರದಿಂದಲೇ. ಅವರಿಬ್ಬರೂ ಆಮೇಲೆ ಜೀವಮಾನವಿಡೀ ಗೆಳತಿಯರಾಗಿ ಉಳಿದರು. 1956ರಲ್ಲಿ ಕಾಕಾ ಹೃದಯ ನಿಂತು ಹೋದಾಗ, ಮೂವತ್ತನಾಲ್ಕರ ಅಬಚಿಯನ್ನು ತನ್ನ ಮನೆಗೆ ಕರೆದೊಯ್ದು, ಹೊಲಿಗೆಯ ವರ್ಗಕ್ಕೆ ಸೇರಿಸಿದ್ದು ಆ ಮಗಳೇ. ಅಲ್ಲಿಂದ ಇಪ್ಪತ್ತೈದು ವರ್ಷ ಅಬಚಿ ಹೊಲಿಗೆ ಯಂತ್ರದ ಮೇಲೆ ಬದುಕಿದಳು. ನನ್ನ ಕಾಲೇಜಿನ ಮೊದಲ ದಿನದ ಪೋಲಕ ಆಕೆಯೇ ಹೊಲಿದದ್ದು.

ಅಬಚಿ ತೀರಿಕೊಂಡದ್ದು 1998ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ರಜೆಗೆ ಬಂದಿದ್ದಾಗ ನನ್ನ ಮಗಳು ಕಥೆಗೆ ಗಂಟು ಬಿದ್ದಳು. ನಾನು ಅಡಿಗೆಮನೆಯಲ್ಲಿ ಭಕ್ಕರಿ ಬಡಿಯುತ್ತಿದ್ದೆ. ಕಿವಿ ಪಡಸಾಲೆಯ ಕಡೆಗಿತ್ತು. 'ಕುಂಕೂ' ಕಥೆ. ಮದುವೆ ಬಂತು, ಗಡಿಯಾರ ಬಂತು, ಮಲಮಗ ಬಂದ, ಬೆತ್ತದ ಏಟೂ ಬಿತ್ತು. ಇನ್ನು ನಿಲ್ಲಿಸುತ್ತಾಳೆ ಎಂದುಕೊಂಡರೆ ಅಬಚಿ ನಿಲ್ಲಿಸಲಿಲ್ಲ. ಮುದುಕನಿಗೆ ಬುದ್ಧಿ ಬಂತಂತೆ, ಕಾಶಿಗೆ ಹೋದನಂತೆ. ಆ ಹುಡುಗಿ ಸುಶೀಲೆಯ ಜೊತೆ ಪುಣೆಗೆ ಹೋಗಿ, ನರ್ಸಿಂಗ್ 'ಶಿಕ್ಷಣಾ ಮಾಡಿ', ಬಿಳೀ ಸೀರೆ ಉಟ್ಟುಕೊಂಡು, ಸೈಕಲ್ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದಳಂತೆ.

ಹಿಟ್ಟಿನ ಕೈಯಲ್ಲೇ ಹೊರಬಂದು, "ಅಬಚೀ, ಇದು ಸಿನಿಮಾದಾಗ ಇಲ್ಲಲ್ಲಾ?" ಎಂದೆ.

"ಇರಲಿಕ್ಕಿಲ್ಲ," ಎಂದಳು ಅಬಚಿ. "ಅವರ ರೀಲ್ ತೀರಿರಬೇಕು."